ವೈನಿ ಒಂದೊಂದಾಗಿ ಬಿಟ್ಟಿದ್ದು

ಫೋನಿನ್ಯಾಗ ಕನ್ನಡ ಬರೀಲಿಕ್ಕೆ ನಾ ಕಲತು ಭಾಳ ದಿನ ಆಗಿಲ್ಲ. ಒಂದು ಬಟ್ಟಿನಿಂದ ಟುಕುಟುಕು ಅಂತ ಒತ್ತತೀನಿ, ಕೋಳಿ ಕಾಳು ಆರಿಸಿಧಂಗ. ಮೊದಲು ಬರೇ ಗುಡ್ ಮಾರ್ನಿಂಗ್ ಹೂವು ಕಳಸ್ತಿದ್ದೆ. ಮನಿ ಮಂದಿ ಗ್ರೂಪಿನ್ಯಾಗ ನನ್ನ ಮ್ಯೂಟ್ ಮಾಡ್ಯಾರಂತ ಆಮ್ಯಾಲೆ ತಿಳೀತು. ಇರ್ಲಿ. ಈಗ ಬರಿಯೋದು ಹೂವಿನ ಸುದ್ದಿ ಅಲ್ಲ, ಇದನ್ನರೆ ಪೂರ್ತಿ ಓದ್ರಿ.

ಇದು ನಮ್ಮ ವೈನಿ ಸುದ್ದಿ. ತುಂಬಿದ ಮನ್ಯಾಗ, ಫ್ರಿಜ್ ತುಂಬ ಸಾಮಾನು ಇದ್ದು, ಮಗಾ ಸೊಸಿ ಇದ್ದು, ನಾ ಎದುರಿಗಿನ ಬಾಗಲದಾಗ ಕೂತಿದ್ದು, ಅವರು ಊಟ ಇಲ್ಲದ ಸೊರಗಿ ಹೋದ್ರು. ಯಾರಿಗೂ ತಿಳೀಲಿಲ್ಲ. ತಿಳೀಲಿಲ್ಲ ಅಷ್ಟ ಅಲ್ಲ, ನಾವೆಲ್ಲಾ ಕೂಡಿ ಅದಕ್ಕ ಕೈ ಮುಗದ್ವಿ.

ವೈನಿ ಅಂದ್ರ ನಮ್ಮ ಭಾವನವರ ಹೆಂಡತಿ. ನಮ್ಮನಿಯವರು ಅವರಿಗೆ ವೈನಿ ಅಂತಿದ್ರು, ಹೊಸದಾಗಿ ಮದುವಿ ಆಗಿ ಬಂದಾಗ ನಾನೂ ಹಂಗs ಅಂದೆ, ಹಂಗs ಉಳೀತು. ಅಣ್ಣ ತಮ್ಮ ಇಬ್ಬರೂ ಮುಂಬೈದ ವಿಲೆ ಪಾರ್ಲೆದಾಗ ಒಂದs ಬಿಲ್ಡಿಂಗ್, ಒಂದs ಮಜಲಿನ್ಯಾಗ ಎದರಾಬದರಾ ಮನಿ ತಗೊಂಡಿದ್ರು. ಈಗ ಇಬ್ಬರೂ ಇಲ್ಲ. ನಮ್ಮನಿಯವರು ಮೊದಲು ಹೋದ್ರು, ಆಮ್ಯಾಲೆ ಭಾವನವರು. ಉಳದಾಕಿಗಳು ನಾವಿಬ್ಬರು ನೆಗೆಣ್ಣಿಯರು. ವೈನಿ ಮನ್ಯಾಗ ಅವರ ಮಗಾ ಸೊಸಿ, ಇಬ್ಬರೂ ಅಂಧೇರಿ ಕಡೆ ಆಫೀಸಿಗೆ ಹೋಗೋರು. ಮುಂಜಾನೆ ಹೋದ್ರ ದೀಪಾ ಹಚ್ಚೋ ಹೊತ್ತಿಗೆ ಬರೋರು. ನಮ್ಮ ಮನ್ಯಾಗೂ ಅದs ಕಥಿ. ಹಂಗಾಗಿ ಇಡೀ ದಿನಾ ಆ ಮಜಲಿನ ಮ್ಯಾಲೆ ನಾವಿಬ್ಬರs. ಬಾಗಲಾ ತಗದಿಟ್ಟು, ಅವರು ಅವರ ಮನ್ಯಾಗ, ನಾ ನಮ್ಮ ಮನ್ಯಾಗ ಕೂತು, ನಡುವ ಲಿಫ್ಟಿನ ಮುಂದಿನ ಜಾಗಾ ದಾಟಿ ಜಗಳಾಡ್ತಿದ್ವಿ.

ಜಗಳಾ ಅಂದ್ರ ದೊಡ್ಡದಲ್ಲ. ನನ್ನ ಸಾರಿನ ವಾಸನಿ ಬಂತಂದ್ರ ಇವತ್ತು ಇಂಗು ಹಾಕೋದು ಮರತಿ ಅಂತ ಅಲ್ಲಿಂದs ಕೂಗ್ತಿದ್ರು. ಅವರ ರಂಗೋಲಿ ಸೊಟ್ಟಾಗ್ಯದ ಅಂತ ನಾ ಇಲ್ಲಿಂದ ಅಂತಿದ್ದೆ. ಅವರದು ಮಡಿ, ಆಚಾರ, ಎಲ್ಲಾ ಕಡಕ್. ನಂದು ಸಡಲು. ಇದು ಮದುವಿ ಆದಾಗಿಂದ ನಡದು ಬಂದದ್ದು.

ನಮ್ಮವರೊಳಗ ಚಾತುರ್ಮಾಸ ಅಂತ ಮಳಿಗಾಲದ ನಾಕು ತಿಂಗಳ ವ್ರತಾ ಇರ್ತದ. ಮೊದಲನೇ ತಿಂಗಳು ಕಾಯಿಪಲ್ಯ ಬಿಡಬೇಕು, ಎರಡನೇದರಾಗ ಮೊಸರು, ಮೂರನೇದರಾಗ ಹಾಲು, ನಾಕನೇದರಾಗ ಬ್ಯಾಳಿ. ಒಂದು ತಿಂಗಳು ಮುಗೀತಂದ್ರ, ಏನು ಬಿಟ್ಟಿರ್ತೀವೋ ಅದನ್ನ ಆಚಾರ್ರಿಗೆ ದಾನಾ ಕೊಟ್ಟು, ಅವತ್ತಿಂದ ನಾವು ತಿರುಗಿ ತಿನ್ನಲಿಕ್ಕೆ ಸುರು ಮಾಡಬೇಕು. ಮುಂದಿನದು ಬಿಡಬೇಕು. ಹಿಂಗ ಒಂದು ಬಿಟ್ಟು ಒಂದು ಹಿಡಕೋತ ಹೋಗೋದು. ನಾನೂ ಮಾಡ್ತಿದ್ದೆ, ನನ್ನ ರೀತೀಲೆ. ಕಾಯಿಪಲ್ಯ ಬಿಟ್ಟ ತಿಂಗಳದಾಗ ಸ್ಟೇಷನ್ ಮುಂದ ನಿಂತು ವಡಾಪಾವ್ ತಿಂದು, ಬಾಯಿ ಒರಸಿಕೊಂಡು ಮ್ಯಾಲೆ ಬರ್ತಿದ್ದೆ. ವೈನಿ ಮೂಗು ಎಂಥಾದ್ದಂದ್ರ, ಲಿಫ್ಟಿನ ಬಾಗಲಾ ತಗದ ಕೂಡಲೇ ಹಿಡೀತಿದ್ರು. ಬಟಾಟಿ ಮಣ್ಣಿನೊಳಗ ಇರ್ತದ ವೈನಿ, ದೇವರಿಗೆ ಕಾಣಸೂದಿಲ್ಲ ಅಂತ ನಾ ಅಂತಿದ್ದೆ. ಅವರು ಮಾರಿ ಆಚೆ ತಿರುಗಿಸಿ ನಗ್ತಿದ್ರು. ನಕ್ಕಿದ್ದು ನನಗ ಕಾಣಬಾರದು ಅಂತ.

ಭಾವನವರು ತೀರಿಕೊಂಡ ವರ್ಷ ಚಾತುರ್ಮಾಸ ಬಂತು. ವೈನಿ ಕಾಯಿಪಲ್ಯ ಬಿಟ್ರು. ತಿಂಗಳು ಮುಗೀತು, ಆಚಾರ್ರಿಗೆ ದಾನಾ ಕೊಟ್ಟಿದ್ದೂ ಆತು. ಮರುದಿನಾ ಸೊಸಿ ಅವರಿಗೆ ಸೇರ್ತದ ಅಂತ ಹೀರಿಕಾಯಿ ಪಲ್ಯ ಮಾಡಿ ಹೋದ್ಲು. ವೈನಿ ಮುಟ್ಟಲಿಲ್ಲ. ಬಿಟ್ಟದ್ದು ಬಿಟ್ಟೆ, ಇನ್ನ ನನಗ ಯಾಕ ಬೇಕದು ಅಂದ್ರಂತ. ಆಮ್ಯಾಲೆ ಮೊಸರು ಬಿಟ್ರು, ತಿರುಗಿ ಹಿಡೀಲಿಲ್ಲ. ಹಾಲು ಬಿಟ್ರು. ಚಹಾಕ್ಕೂ ಹಾಲಿಲ್ಲ, ಬರೇ ಸಕ್ಕರಿ ಹಾಕಿದ ಕರೇ ನೀರು. ಕಡೀಕ ಬ್ಯಾಳಿನೂ ಹೋತು. ತುಳಸೀ ಲಗ್ನದ ಹೊತ್ತಿಗೆ ಅವರ ತಾಟಿನ್ಯಾಗ ಉಳದದ್ದು ಅನ್ನ, ಒಂದು ಮಿಳ್ಳಿ ತುಪ್ಪ, ಮೆಣಸಿನ ನೀರು. ಅದೂ ಏಕಾದಶಿಗೆ ಇಲ್ಲ, ಸೋಮವಾರ ಗುರುವಾರ ಶನಿವಾರ ಒಪ್ಪತ್ತು. ಮುಂದಿನ ವರ್ಷ ಚಾತುರ್ಮಾಸ ಬಂದಾಗ ಬಿಡಲಿಕ್ಕೆ ಅವರ ಹತ್ರ ಏನೂ ಇರಲಿಲ್ಲ.

ನಾವೇನಂದ್ವಿ? ಎಂಥಾ ವೈರಾಗ್ಯ ಅಂದ್ವಿ. ಬಿಲ್ಡಿಂಗಿನ ಹೆಣಮಕ್ಕಳು ಬಂದು ನಮಸ್ಕಾರ ಮಾಡಿ ಹೋಗೋರು. ನಮ್ಮ ಭಜನಿ ಮಂಡಳಿಯೊಳಗ ಒಬ್ಬಾಕಿ ಹಾಡು ನಿಲ್ಲಿಸಿ ವೈನಿದು ಉದಾಹರಣಿ ಕೊಟ್ಟಳು, ಈ ಊರಾಗ ಇದ್ದೂ ಇಷ್ಟು ನೇಮಾ ಮಾಡೋರು ಎಲ್ಲಿ ಸಿಗ್ತಾರ ಅಂತ. ಆಮ್ಯಾಲೆ ನನ್ನ ಕಡೆ ನೋಡಿದ್ಲು. ನಾನಂದೆ, ವೈನಿ ಸ್ವರ್ಗಕ್ಕ ಫಸ್ಟ್ ಕ್ಲಾಸಿನ ಪಾಸ್ ತಗದಾರ, ನಾ ಸೆಕೆಂಡ್ ಕ್ಲಾಸಿನ್ಯಾಗ ಬಾಗಲಕ್ಕ ಜೋತುಬಿದ್ದು ಬರ್ತೀನಿ. ಎಲ್ಲಾರೂ ನಕ್ರು. ವೈನಿ ಸೆರಗು ಹೊದ್ದು ನೆಟ್ಟಗ ಕೂತ್ರು. ಅವರ ಮಾರಿ ಮ್ಯಾಲಿನ ಸಂತೋಷ ನಾ ನೋಡಿದ್ದೆ. ಭಾವನವರು ಹೋದ ಮ್ಯಾಲೆ ಅವರಿಗೆ ಅಂಥಾ ಸಂತೋಷ ಕೊಟ್ಟದ್ದು ಬ್ಯಾರೆ ಏನೂ ಇರಲಿಲ್ಲ.

ಆಮ್ಯಾಲೆ ಒಂದೊಂದs ಆಗಲಿಕ್ಕೆ ಹತ್ತಿತು. ತಲಿ ಬಾಚಿಕೊಳ್ಳಲಿಕ್ಕೆ ಕೈ ಎತ್ತಿದ್ರ ಬಂಗಾರದ ಬಳಿ ಮೊಣಕೈ ತನಕಾ ಜಾರೋವು. ಬ್ಲೌಸು ಹೆಗಲ ಮ್ಯಾಲಿಂದ ಇಳಿಯೋದು, ಪಿನ್ ಹಚ್ಚಿಕೊಂಡು ಬರೋರು, ಈಗಿನ ಬಟ್ಟಿ ಒಗದ್ರ ಹಿಗ್ಗತಾವ ಅನ್ನೋರು. ನಾಲಿಗಿ ಕೆಂಪಗ, ನುಣ್ಣಗ ಆಗಿತ್ತು, ಬಿಸಿ ಏನು ಬಾಯಾಗ ಇಟ್ರೂ ಉರೀತದ ಅನ್ನೋರು. ಮಧ್ಯಾಹ್ನ ನಾ ಏನರೆ ಹೇಳಲಿಕ್ಕೆ ಹತ್ತಿದ್ರ ನಡುವs ನಿದ್ದಿ ಹೋಗೋರು. ನನ್ನ ಮಾತಿಗೆ ಯಾರಿಗಾದ್ರೂ ನಿದ್ದಿ ಬರ್ತದ ಅಂತ ನಾನs ಚಾಷ್ಟಿ ಮಾಡಿದೆ.

ಒಂದು ದಿನಾ ಇಬ್ಬರೂ ಮಾರ್ಕೆಟ್ಟಿಗೆ ಹೋಗಿದ್ವಿ. ಹೂವಿನವಳ ಮುಂದ ನಿಂತಾಗ ನೋಡ್ತೀನಿ, ವೈನಿ ಒಂದು ಕಾಲಾಗ ಚಪ್ಪಲಿ ಇಲ್ಲ. ಎಲ್ಲಿ ಬಿಟ್ರಿ ಅಂತ ಕೇಳಿದ್ರ ಕೆಳಗ ನೋಡಿ ಅವರs ಗಾಬರಿ ಆದ್ರು. ಹಿಂದ ಹೋಗಿ ಹುಡುಕಿದ್ರ ಸಿಗ್ನಲ್ ಹತ್ರ ರಸ್ತೇದ ನಡುವ ಬಿದ್ದಿತ್ತು. ಬಿಸಲಾಗ ಕಾದ ಡಾಂಬರಿನ ಮ್ಯಾಲೆ ಅಷ್ಟು ದೂರ ಬರಿಗಾಲಿನಿಂದ ನಡದು ಬಂದಾರ, ಗೊತ್ತs ಆಗಿಲ್ಲ. ಇತ್ತಿತ್ಲಾಗ ಹತ್ತಿ ಮ್ಯಾಲೆ ನಡದಂಗ ಆಗ್ತದ ಅಂದ್ರು. ಪುಣ್ಯಾ ಮಾಡಿದವರಿಗೆ ಭೂಮಿ ತಾಕೂದಿಲ್ಲ ವೈನಿ ಅಂತ ನಾನಂದೆ. ಇಬ್ಬರೂ ನಕ್ವಿ.

ಎಲ್ಲಾದಕ್ಕೂ ಒಂದs ಉತ್ತರ ಇತ್ತು: ವಯಸ್ಸು. ವಯಸ್ಸು ಅಂದುಬಿಟ್ರ ಮುಂದ ಯಾರೂ ಏನೂ ಕೇಳೂದಿಲ್ಲ. ಮಗಾ ಕೇಳೂದಿಲ್ಲ, ನಾವೂ ಕೇಳಿಕೊಳ್ಳೂದಿಲ್ಲ.

ಅಷ್ಟರಾಗ ವೈನಿ ದಪ್ಪಗಾಗಲಿಕ್ಕೆ ಹತ್ತಿದ್ರು. ಮೊದಲು ಪಾದ ತುಂಬಿಕೊಂಡ್ವು, ಆಮ್ಯಾಲೆ ಮೀನಖಂಡ, ಮುಂಜಾನೆ ಎದ್ದಾಗ ಮಾರಿನೂ ದುಂಡಗ ಕಾಣಸ್ತಿತ್ತು. ಮಗಾ ತೂಕದ ಮಶೀನ್ ಮ್ಯಾಲೆ ನಿಲ್ಲಿಸಿ ನೋಡಿದ್ರ ತೂಕಾ ಏರಿತ್ತು. ಎಷ್ಟು ಖುಷಿ ಆತು ಅವನಿಗೆ. ನೋಡು ಕಾಕೂ, ಅವ್ವ ಚೇತರಿಸ್ಕೊಂಡಾಳ ಅಂತ ನನ್ನ ಮುಂದ ಬಂದು ಹೇಳಿದ. ಬರೇ ಅನ್ನಾ ತುಪ್ಪದಾಗ ಎಷ್ಟು ಶಕ್ತಿ ಅದ ನೋಡ್ರಿ ಅಂತ ಭಜನಿ ಮಂಡಳಿಯವರು ಮಾತಾಡಿದ್ರು.

ಅದs ಮಳಿಗಾಲದಾಗ ರಿಕ್ಷಾ ಇಳಿಯೋವಾಗ ಮೆಟ್ಟಲದ ತಗಡು ವೈನಿ ಮೊಣಕಾಲಿನ ಕೆಳಗ ತರಚಿತು. ಸಣ್ಣ ಗಾಯಾ. ಅರಿಷಿಣಾ ಒತ್ತಿದ್ವಿ, ಮೆಡಿಕಲ್ ಅಂಗಡಿ ಮುಲಾಮು ಹಚ್ಚಿದ್ವಿ. ಗಣಪತಿ ಬಂದು ಹೋದ, ನವರಾತ್ರಿ ಬಂತು, ಗಾಯಾ ಹಂಗs ಇತ್ತು. ದೊಡ್ಡದೂ ಆಗವಲ್ದು, ಮುಚ್ಚವಲ್ದು. ತಗದು ನೋಡಿದ್ರ ಒಳಗ ಒದ್ದಿ ಒದ್ದಿ, ಮಬ್ಬು ಬಣ್ಣ. ಶುಗರ್ ಇರಬೇಕು ಅಂತ ಸೊಸಿ ರಕ್ತಾ ತಪಾಸಣಿ ಮಾಡಿಸಿದ್ಲು. ಶುಗರ್ ಇರಲಿಲ್ಲ. ಎಲ್ಲಾರೂ ಉಸಿರು ಬಿಟ್ಟು ಆರಾಮ ಆದ್ವಿ. ಗಾಯಾ ಮಾತ್ರ ಆರಾಮ ಆಗಲಿಲ್ಲ.

ಕಡೀಕ ಸ್ಟೇಷನ್ ಹತ್ತರದ ಡಾಕ್ಟರ್ ಬಾಯಿ ಕಡೆ ಹೋದ್ವಿ. ವೈನಿ, ಸೊಸಿ, ನಾನು. ಮರಾಠಿ ಹೆಣಮಗಳು, ಹೆಚ್ಚು ಮಾತಿಲ್ಲ. ಗಾಯಾ ನೋಡಿದ್ಲು. ಆಮ್ಯಾಲೆ ಅದನ್ನ ಬಿಟ್ಟು ವೈನಿ ನಾಲಿಗಿ ನೋಡಿದ್ಲು, ಕಣ್ಣಿನ ಕೆಳಗ ಎಳದು ನೋಡಿದ್ಲು, ತೋಳು ಹಿಡದು ನೋಡಿದ್ಲು. ತೋಳು ಹಿಡದಾಗ ನಾನೂ ಮೊದಲನೇ ಸಲಾ ನೋಡಿದೆ ಅನ್ರಿ, ಸೆರಗಿನೊಳಗ ಇರ್ತಿತ್ತಲ್ಲ. ಎಲುಬಿನ ಮ್ಯಾಲೆ ಚರ್ಮಾ ಒಣಾ ಹಾಕಿದ ಬಟ್ಟಿಗತೆ ಜೋತಾಡ್ತಿತ್ತು. ಆಮ್ಯಾಲೆ ಕಾಲಿನ ಎಲುಬಿನ ಮ್ಯಾಲೆ ಹೆಬ್ಬಟ್ಟು ಒತ್ತಿ ಹಿಡದು ಬಿಟ್ಲು. ಕುಣಿ ಬಿತ್ತು. ಕಣಕಕ್ಕ ಬಟ್ಟು ಒತ್ತಿದ್ರ ಬೀಳ್ತದಲ್ಲ, ಹಂಗ. ಎಷ್ಟು ಹೊತ್ತಾದ್ರೂ ಮ್ಯಾಲೆ ಬರಲಿಲ್ಲ.

ಇದು ಮಾಂಸ ಅಲ್ಲ, ನೀರು ಅಂದ್ಲು. ಆಜಿ ಊಟ ಏನು ಮಾಡ್ತಾರ ಅಂತ ಕೇಳಿದ್ಲು. ಸೊಸಿ ಅಭಿಮಾನದಿಂದ ಹೇಳಿದ್ಲು, ನಮ್ಮ ಅತ್ತಿಯವರು ಭಾಳ ಸಾತ್ವಿಕ, ಎಲ್ಲಾ ಬಿಟ್ಟಾರ, ಉಪವಾಸ ಮಾಡ್ತಾರ ಅಂತ. ಡಾಕ್ಟರ್ ಬಾಯಿ ಬರಿಯೋದು ನಿಲ್ಲಿಸಿ ಸೊಸಿ ಮಾರಿ ನೋಡಿದ್ಲು.

"ಹಾ ಉಪವಾಸ ನಾಹಿ," ಅಂದ್ಲು. "ಉಪಾಸಮಾರ ಆಹೆ."

ಉಪವಾಸ ಅಲ್ಲ ಇದು, ಹೊಟ್ಟಿಗಿಲ್ಲದ ಸಾಯೋದು ಅಂತ. ಪೇಪರಿನ್ಯಾಗ ಗುಡ್ಡದ ಕಡೆ ಆದಿವಾಸಿ ಕೂಸುಗಳು ಸತ್ರ ಬರೀತಾರಲ್ಲ, ಆ ಶಬ್ದ. ಪಾರ್ಲೆದಾಗ, ಎರಡೆರಡು ಪಗಾರ ಬರೋ ಮನಿ ಮುದುಕಿಗೆ ಆ ಶಬ್ದ ಹೇಳಿದ್ಲು.

ಆಮ್ಯಾಲೆ ಸಮಾಧಾನದಿಂದ ತಿಳಿಸಿ ಹೇಳಿದ್ಲು. ಊಟದಾಗ ಬ್ಯಾಳಿ, ಹಾಲು, ಮೊಸರು ಯಾವುದೂ ಇಲ್ಲಂದ್ರ ಮೈ ತನ್ನ ಮಾಂಸ ತಾನs ತಿಂತದಂತ. ಮೊದಲು ತೋಳಿಂದು, ತೊಡಿದು, ಆಮ್ಯಾಲೆ ಒಳಗಿಂದು. ರಕ್ತದಾಗ ಸತ್ವ ಇಲ್ಲದ್ದಕ್ಕ ನೀರು ಸೋರಿ ಕಾಲಿಗೆ ಇಳದದ. ಗಾಯಾ ಮುಚ್ಚಬೇಕಂದ್ರ ಹೊಸಾ ಚರ್ಮಾ ಬೇಕು, ಚರ್ಮಾ ಮಾಡಲಿಕ್ಕೆ ಒಳಗ ಸಾಮಾನs ಇಲ್ಲ. ಹತ್ತಿ ಮ್ಯಾಲೆ ನಡದಂಗ ಆಗೋದೂ, ಮರಿಯೋದೂ, ಹಾಲು ಮೊಸರಿನ್ಯಾಗ ಇರೋ ಒಂದು ವಿಟಮಿನ್ ಇಲ್ಲದ್ದಕ್ಕ. ನರಾ ಒಣಗ್ಯಾವ. ಒಂದಿಷ್ಟು ತಿರುಗಿ ಬರಬಹುದು, ಒಂದಿಷ್ಟು ಬರೂದಿಲ್ಲ. ವಯಸ್ಸಾದವರಿಗೆ ಹಸಿವಿ ಕಡಿಮಿ, ಹಂಗಂತ ಮೈಗೆ ಬೇಕಾಗೋದು ಕಡಿಮಿ ಅಲ್ಲ ಅಂದ್ಲು. ನಾವೆಲ್ಲಾ ಅದನ್ನ ಉಲ್ಟಾ ತಿಳಕೊಂಡಿದ್ವಿ. ಮುದುಕರಿಗೆ ಎಷ್ಟು ಬೇಕು, ಒಂದು ತುತ್ತು ಸಾಕು ಅಂತ.

ವೈನಿ ಗ್ವಾಡಿ ಮ್ಯಾಲಿನ ಕಣ್ಣು ಹಲ್ಲಿನ ಚಿತ್ರಾ ನೋಡಕೋತ ಕೂತಿದ್ರು, ಬ್ಯಾರೆ ಯಾರದೋ ಸುದ್ದಿ ನಡದದ ಅನ್ನೋಹಂಗ.

ಬರೋವಾಗ ರಿಕ್ಷಾದಾಗ ಸೊಸಿ ಅಳಲಿಕ್ಕೆ ಹತ್ತಿದ್ಲು. ಆಕಿ ಕೆಟ್ಟಾಕಿ ಅಲ್ಲ, ನಾ ಇದನ್ನ ಬರೀಲೇಬೇಕು. ಮುಂಜಾನೆ ಎದ್ದು ಅತ್ತಿ ಸಲುವಾಗಿ ಬ್ಯಾರೆ ಅನ್ನಾ ಮಾಡಿ ಡಬ್ಬಿಗೆ ಹಾಕಿ ಟೇಬಲ್ ಮ್ಯಾಲೆ ಇಟ್ಟು, ಆಮ್ಯಾಲೆ ಓಡಿ ಲೋಕಲ್ ಹಿಡಿಯೋ ಹುಡುಗಿ ಅದು. ಸಂಜಿಗೆ ಬಂದ್ರ ಡಬ್ಬಿ ತೊಳದು ಬೋರಲು ಹಾಕಿರ್ತಿತ್ತು. ಖಾಲಿ ಡಬ್ಬಿ ನೋಡಿ ಅತ್ತಿ ಉಂಡಾರ ಅಂತ ತಿಳಕೊಳ್ಳದ ಇನ್ನೇನು ಮಾಡಬೇಕು? ಈಗ ಹೊರಗಿನ ಮಂದಿ ಏನಂತಾರ ಕಾಕೂ, ಅತ್ತಿನ್ನ ಉಪವಾಸ ಕೆಡವಿದ್ಲು ಅಂತಾರ ಅಂದ್ಲು. ನಾ ಆಕಿ ಕೈ ಹಿಡಕೊಂಡೆ. ನಡುವ ಕೂತ ವೈನಿ ಆಕಿ ಅಳೋದು ನೋಡಿ ನನ್ನ ಕಡೆ ಬಗ್ಗಿ, ಈಕಿಗೇನಾತು ಅಂತ ಕೇಳಿದ್ರು.

ಡಬ್ಬಿ ಅನ್ನಾ ಎಲ್ಲಿ ಹೋಗ್ತಿತ್ತು ಅನ್ನೋದು ಮರುದಿನಾ ತಿಳೀತು. ಭಾಂಡೆ ತೊಳಿಯೋ ಹೆಣಮಗಳನ್ನ ನಾ ಕೇಳಿದೆ. ಆಕಿ ಅಂಜಲಿಲ್ಲ, ಮುಚ್ಚಲೂ ಇಲ್ಲ. ಆಜಿ ದಿನಾ ತನಗ ಕೊಡ್ತಾರ, ವ್ರತಾ ಇದ್ದವರು ಅನ್ನದಾನಾ ಮಾಡಿದ್ರ ಪುಣ್ಯಾ ಅಂತ ಹೇಳ್ಯಾರ, ಆಕಿನೂ ನಮಸ್ಕಾರ ಮಾಡಿ ಒಯ್ತಾಳ. ಆಕಿ ಮಕ್ಕಳು ಉಂಡಿದ್ದು, ನನಗೇನು ಸಿಟ್ಟು ಬರಲಿಲ್ಲ. ಹಂಗಾದ್ರ ವೈನಿ ಮಧ್ಯಾಹ್ನ ಏನು ತಿಂತಿದ್ರು? ಕರೇ ಚಹಾದಾಗ ಅದ್ದಿದ ಗ್ಲುಕೋಸ್ ಬಿಸ್ಕಿಟು. ಬಿಸ್ಕಿಟಿನ್ಯಾಗ ಹಾಲು ಇರ್ತದ ಅಂತ ಅವರಿಗೆ ಯಾರೂ ಹೇಳಿರಲಿಲ್ಲ, ಹೇಳಿದ್ರ ಅದನ್ನೂ ಬಿಡ್ತಿದ್ರು.

ಅವತ್ತು ನಾ ಅವರ ಮನಿಗೆ ಹೋಗಿ ಬಾಗಲಾ ಹಾಕಿಕೊಂಡು ಅವರ ಕಾಟಿನ ಮ್ಯಾಲೆ ಕೂತೆ. ಅವರು ಗಾಯದ ಕಾಲು ತಲದಿಂಬಿನ ಮ್ಯಾಲೆ ಇಟ್ಟು ಮಲಗಿದ್ರು.

"ಖರೆ ಹೇಳ್ರಿ ವೈನಿ. ದೇವರ ಸಲುವಾಗಿ ಬಿಟ್ರೇನು?"

ಚಾದರದ ಒಂದು ದಾರಾ ಹಿಡದು ಎಳದ್ರು.

"ಹಸಿವಿ ಆಗೂದಿಲ್ಲ ನನಗ," ಅಂದ್ರು.

"ಹಂಗಂತ ಹೇಳಲಿಕ್ಕೇನಾಗಿತ್ತು?"

"ಹಸಿವಿ ಇಲ್ಲ ಅಂದ್ರ ಮಗಾ ಡಾಕ್ಟರ್ ಕಡೆ ಎಳಕೊಂಡು ಹೋಗ್ತಾನ. ಸೊಸಿ, ನನ್ನ ಅಡಗಿ ಸೇರೂದಿಲ್ಲ ಅಂತ ಮಾರಿ ಸಣ್ಣ ಮಾಡ್ತಾಳ. ವ್ರತಾ ಅಂದ್ರ ಎಲ್ಲಾರೂ ಕಾಲಿಗೆ ಬೀಳ್ತಾರ. ಯಾರೂ ಏನೂ ಕೇಳೂದಿಲ್ಲ."

ಆಮ್ಯಾಲೆ ಒಂದೊಂದs ಹೊರಗ ಬಂತು. ಅವರ ಹಲ್ಲಿನ ಸೆಟ್ಟು ಭಾವನವರು ಇದ್ದಾಗಿನದು. ಒಸಡು ಸಣ್ಣಾಗಿ ಅದು ಒಳಗ ಅಲಗಾಡಲಿಕ್ಕೆ ಹತ್ತಿತ್ತು, ಅಗದ್ರ ಚುಚ್ಚೋದು, ಮಂದಿ ಎದುರಿಗೆ ಟಕ್ ಅಂತ ಸಪ್ಪಳಾ ಮಾಡೋದು. ಮೊದಲನೇ ಸಲಾ ಕಾಯಿಪಲ್ಯ ಬಿಟ್ಟಾಗ ಎಷ್ಟು ಹಗುರ ಅನಸ್ತು ಗೊತ್ತೇನು ಅಂದ್ರು, ಅಗಿಯೋ ತ್ರಾಸ ಇಲ್ಲ. ತಿಂಗಳು ಮುಗೀತಲ್ಲ ಅಂತ ಕೆಟ್ಟನಸ್ತಂತ. ಅದಕ್ಕ ತಿರುಗಿ ಹಿಡೀಲಿಲ್ಲ. ಹಿಡೀಲಿಲ್ಲಂದ್ರ ಮಂದಿ ಬಯ್ಯೋದು ದೂರ ಉಳೀತು, ಹೊಗಳಿದ್ರು. ಉಳಿದದ್ದೆಲ್ಲಾ ಅದರ ಹಿಂದs ಹೋತು. ಇನ್ನ ಮಧ್ಯಾಹ್ನದ ಊಟ. ಭಾವನವರು ಇದ್ದಾಗ ಎದುರಿಗೆ ಕೂತು ಉಣ್ತಿದ್ರು, ಉಪ್ಪು ಹೆಚ್ಚಾತು, ಖಾರ ಕಡಿಮಿ ಆತು ಅಂತ ಅಂದುಕೋತ. ಈಗ ಆ ಟೇಬಲ್ಲಿಗೆ ಒಬ್ಬಾಕಿನ ಕೂತು ಡಬ್ಬಿ ಮುಚ್ಚಳಾ ತಗದ್ರ ಗಂಟಲಾಗ ಇಳಿಯೂದಿಲ್ಲ ಅಂದ್ರು.

"ನಾ ಎದುರು ಮನ್ಯಾಗs ಇದ್ದೆನಲ್ಲ. ಕರೀಬೇಕಿಲ್ಲ?"

"ನೀ ಭಾಳ ಮಾತಾಡ್ತಿ," ಅಂದ್ರು.

ನಗಬೇಕೋ ಅಳಬೇಕೋ ತಿಳೀಲಿಲ್ಲ. ಎರಡೂ ಮಾಡಿದೆ.

ಆದ್ರ ಉಣ್ರಿ ಅಂದ್ರ ಉಣ್ಣಲಿಕ್ಕೆ ತಯಾರಿಲ್ಲ. ದೇವರ ಮುಂದ ಸಂಕಲ್ಪ ಮಾಡೀನಿ, ಬಾಯಿ ಮಾತಲ್ಲ ಅದು ಅಂದ್ರು. ಸುಳ್ಳು ಕಾರಣಕ್ಕ ಮಾಡಿದ್ರೂ ಮಾಡಿದ್ದು ಖರೆ ಅಂತ ಅವರ ವಾದ. ಮಗಾ ಕೈ ಮುಗದ, ಸಿಟ್ಟಾದ, ಬಾಗಲಾ ಧಡಕ್ಕನ ಹಾಕಿ ಹೋದ. ನನಗ ಗೊತ್ತಿತ್ತು, ಅವರಿಗೆ ಹೆದರಿಸಿದ್ರ ಉಪಯೋಗಿಲ್ಲ. ನಾ ಆಚಾರ್ರಿಗೆ ಫೋನ್ ಹಚ್ಚಿ ಎಲ್ಲಾ ಹೇಳಿದೆ. ಮುದುಕರಿಗೆ, ಜಡ್ಡಾದವರಿಗೆ, ಕೂಸುಗಳಿಗೆ ಈ ನೇಮಾ ಇಲ್ಲs ಇಲ್ಲ ಅಂದ್ರು ಅವರು. ಇನ್ನೊಂದು ಮಾತೂ ಅಂದ್ರು. ಬಿಟ್ಟದ್ದನ್ನ ತಿರುಗಿ ಹಿಡದ್ರs ವ್ರತಾ ಮುಗಿದಂಗ, ಇಲ್ಲಂದ್ರ ಅದು ಅರ್ಧಾ ಆದ ವ್ರತಾ ಅಂತ.

ನಾ ಅದನ್ನ ಹಿಡಕೊಂಡು ವೈನಿ ಮುಂದ ಕೂತೆ. ಚರ್ಚ್‌ಗೇಟಿಗೆ ಹೋಗಬೇಕಂತ ಲೋಕಲ್ ಹತ್ತೀರಿ ವೈನಿ, ಚರ್ಚ್‌ಗೇಟ್ ಬಂದ್ರೂ ಇಳೀಲಿಲ್ಲ. ಗಾಡಿ ತಿರುಗಿ ಆ ತುದಿ ವಿರಾರಕ್ಕ ಹೋತು, ಮತ್ತ ಬಂತು, ನೀವು ಕಿಡಕಿ ಹತ್ರ ಕೂತs ಇದ್ದೀರಿ. ಎಲ್ಲಿ ಮುಟ್ಟಿದ್ರಿ ನೀವು ಅಂತ ಕೇಳಿದೆ. ಅವರು ವಿಚಾರ ಮಾಡಿದ್ರು. ಅರ್ಧಾ ಉಳದದ ಅನ್ನೋ ಮಾತು ಅವರಿಗೆ ನಾಟ್ತು. ಜೀವನದಾಗ ಒಂದು ಹಪ್ಪಳಾ ಸುದ್ಧಾ ಅರ್ಧಾ ಲಟ್ಟಿಸಿ ಬಿಟ್ಟವರಲ್ಲ. ಆಚಾರ್ರು ಖರೇನ ಹಂಗಂದ್ರೇನು ಅಂತ ತಿರುಗಿ ತಿರುಗಿ ಕೇಳಿದ್ರು. ಆ ಸಲಾ ಮಾತ್ರ ನಾ ಸುಳ್ಳು ಹೇಳಿರಲಿಲ್ಲ.

ಒಂದು ಮುಂಜಾನೆ ಆಚಾರ್ರು ಬಂದ್ರು. ವೈನಿ ಕುರ್ಚಿ ಮ್ಯಾಲೆ ಕಾಲಿಗೆ ಪಟ್ಟಿ ಕಟ್ಟಿಕೊಂಡು ಕೂತು, ಕಾಯಿಪಲ್ಯ, ಮೊಸರು, ಹಾಲು, ಬ್ಯಾಳಿ, ಎಲ್ಲಾ ಒಂದs ದಿನಾ ದಾನಾ ಕೊಟ್ರು. ಮೊಸರಿನ ಗಿಂಡಿ ಸೊಸಿ ಕೆಳಗಿಂದ ಹಿಡಕೊಂಡಿದ್ಲು. ನಾ ಹೋಳಿಗಿ ಮಾಡಬೇಕಂತಿದ್ದೆ, ಆದ್ರ ಡಾಕ್ಟರ್ ಬಾಯಿ ಮೊದಲs ಹೇಳಿದ್ಲು, ಭಾಳ ದಿನಾ ಬರಿದಿದ್ದ ಮೈಗೆ ಒಮ್ಮೆಲೇ ಹಬ್ಬದ ಊಟ ಹಾಕಿದ್ರ ಅದೂ ಜೀವಕ್ಕ ಅಪಾಯ, ಕೂಸಿಗೆ ತಿನಿಸಿಧಂಗ ಚೂರು ಚೂರು ಸುರು ಮಾಡ್ರಿ ಅಂತ. ಅದಕ್ಕ ಹಬ್ಬಾ ಮಾಡಲಿಲ್ಲ. ಸೊಸಿ ಒಂದು ಚಮಚಾ ಹೆಸರಬ್ಯಾಳಿ ತೊವ್ವಿಯ ತಿಳಿ ಬಾಯಿಗೆ ಇಟ್ಲು. ವೈನಿ ಕಣ್ಣು ಮುಚ್ಚಿಕೊಂಡು ನುಂಗಿದ್ರು.

ಇಲ್ಲಿಗೆ ಎಲ್ಲಾ ಛಲೋ ಆತು ಅಂತ ಬರೀಬೇಕು ಅಂತ ಆಸೆ. ಆಗಲಿಲ್ಲ.

ದಿನಾ ಮಧ್ಯಾಹ್ನ ನಾ ನನ್ನ ತಾಟು ತಗೊಂಡು ಅವರ ಮನಿಗೆ ಹೋಗಿ ಎದುರಿಗೆ ಕೂತು ಉಣ್ಣಲಿಕ್ಕೆ ಸುರು ಮಾಡಿದೆ. ಮಾತು ಕಡಿಮಿ ಮಾಡಿದೆ, ಇದನ್ನ ನಮ್ಮ ಮನ್ಯಾಗ ಯಾರೂ ನಂಬೂದಿಲ್ಲ. ಸೂಜಿ ನಡದ್ವು. ಪೌಷ್ಟಿಕ ಪುಡಿ ಒಂದು ಡಬ್ಬಿ ಬಂತು, ಅದರ ವಾಸನಿಗೆ ಮೆಟ್ಟಲದ ಬೆಕ್ಕೂ ಓಡಿಹೋಗ್ತದ, ಅದನ್ನೂ ಕುಡದ್ರು. ಆದ್ರ ಗಾಯಾ ಮುಚ್ಚೋಕಿಂತ ಮೊದಲು ಜ್ವರಾ ಬಂತು, ಎದಿಯೊಳಗ ಕಫಾ ತುಂಬಿತು. ದವಾಖಾನ್ಯಾಗ ಮಲಗಿಸಿದ್ರು. ಬ್ಯಾರೆಯವರಿಗೆ ಅಂಥಾ ಜ್ವರಾ ಬಂದು ಹೋಗ್ತದ, ಇವರಿಗೆ ತಡಕೊಳ್ಳಲಿಕ್ಕೆ ಮೈಯಾಗ ಏನೂ ಉಳದಿಲ್ಲ ಅಂತ ಅಲ್ಲಿಯವರು ಮಗನಿಗೆ ಹೇಳಿದ್ರು. ಅಂವ ಕಾರಿಡಾರಿನ್ಯಾಗ ಬಾಕಿನ ಮ್ಯಾಲೆ ಕೂತು ಫೋನಿನ್ಯಾಗ ಅವ್ವನ ಹಳೇ ಫೋಟೋ ನೋಡ್ತಿದ್ದ, ದಪ್ಪಗಾದಾಗ ತಗದ ಫೋಟೋ.

ಜೀವಾ ಉಳೀತು. ಮನಿಗೆ ಬಂದ್ರು. ಆದ್ರ ನಡಕೊಂಡು ಬರಲಿಲ್ಲ, ಸ್ಟ್ರೆಚರ್ ಮ್ಯಾಲೆ ಬಂದ್ರು. ಲಿಫ್ಟಿನ್ಯಾಗ ಸ್ಟ್ರೆಚರ್ ಹಿಡೀಲಿಲ್ಲ ಅಂತ ಕುರ್ಚಿ ಮ್ಯಾಲೆ ಕೂಡಿಸಿ ಎತ್ತಿಕೊಂಡು ಬಂದ್ರು. ವ್ಯಾಯಾಮ ಮಾಡಿಸಲಿಕ್ಕೆ ಒಬ್ಬಾಕಿ ಬರ್ತಾಳ, ನಿಲ್ಲಿಸ್ತಾಳ, ತೊಡಿ ಗಡಗಡ ನಡಗ್ತಾವ, ಕೂಡಿಸ್ತಾಳ. ಹೋದ ಮಾಂಸ ಈ ವಯಸ್ಸಿನ್ಯಾಗ ತಿರುಗಿ ಕಟ್ಟೋದು ಭಾಳ ಕಠಿಣ ಅಂತ. ಗಾಯಾ ಕಡೀಕ ಮುಚ್ಚಿತು. ಅದರ ಮ್ಯಾಲಿನ ಚರ್ಮಾ ಉಳ್ಳಾಗಡ್ಡಿ ಸಿಪ್ಪಿಗತೆ ತೆಳ್ಳಗದ, ಸೊಸಿ ಎಣ್ಣಿ ಹಚ್ಚೋವಾಗ ಉಸಿರು ಹಿಡಕೊಂಡು ಹಚ್ಚತಾಳ. ಕಾಲಿನ ಜೋಮು ಹೋಗಿಲ್ಲ.

ಮರಿಯೋದೂ ಹೋಗಿಲ್ಲ. ದವಾಖಾನಿಯಿಂದ ಬಂದ ಮ್ಯಾಲೆ ಹೆಚ್ಚs ಆಗ್ಯದ. ಭಾವನವರು ಬ್ಯಾಂಕಿನಿಂದ ಬಂದ್ರೇನು ಅಂತ ಕೇಳ್ತಾರ. ನನ್ನ ಹೆಸರು ಗೊತ್ತದ, ನನ್ನ ಸಾರಿನ್ಯಾಗ ಇಂಗಿಲ್ಲ ಅನ್ನೋದೂ ಗೊತ್ತದ, ಐದು ನಿಮಿಷದ ಹಿಂದ ಏನಾತು ಅನ್ನೋದು ಗೊತ್ತಿಲ್ಲ. ಊಟ ಮಾಡಿ ಕೈ ತೊಳಸಿರ್ತೀನಿ, ನನ್ನ ಕಡೆ ತಿರುಗಿ, ನಂದು ಊಟ ಆತೇನು ಅಂತ ಕೇಳ್ತಾರ.

ಮೊದಮೊದಲು ಆತು ವೈನಿ ಅಂತಿದ್ದೆ. ಒಂದು ದಿನಾ ನನ್ನ ತಲಿಯೊಳಗಿನ ಕಿಡಿಗೇಡಿ ಎದ್ಲು. ಇನ್ನೂ ಎಲ್ಲಿ ಆತು ವೈನಿ, ನಿಮ್ಮ ಸಲುವಾಗಿನ ಕಾಯಲಿಕ್ಕೆ ಹತ್ತೀನಿ ಅಂದೆ. ಹೌದೇನು ಅಂತ ಬಾಯಿ ತಗದ್ರು. ಮೂರು ಚಮಚಾ ಗಂಜಿ ಹೆಚ್ಚಿಗಿ ಹೋತು. ಅವತ್ತಿಂದ ನನ್ನ ದಂಧೆ ಅದs. ಇದು ಯಾವ ತಿಂಗಳು ಅಂತ ಕೇಳಿದ್ರ, ಎಲ್ಲಾ ಉಣ್ಣೋ ತಿಂಗಳು ವೈನಿ ಅಂತೀನಿ. ಇವತ್ತು ಏಕಾದಶಿ ಅಲ್ಲೇನು ಅಂದ್ರ, ನಿನ್ನೆ ಆತು, ನೀವs ಮಾಡಿದ್ರಿ ಅಂತೀನಿ. ಈ ಸಲದ ಚಾತುರ್ಮಾಸ ಬಂದದ್ದು ಅವರಿಗೆ ಗೊತ್ತs ಆಗಲಿಲ್ಲ. ಅವರು ಜೀವನದಾಗ ಅಷ್ಟು ಹೆಮ್ಮಿಯಿಂದ ಹಿಡಕೊಂಡಿದ್ದು ಅದೊಂದs. ಅದನ್ನ ನಾ ಅವರ ಕೈಯಿಂದ ಕಸಗೊಂಡು ಗಂಜಿ ತಿನಿಸಲಿಕ್ಕೆ ಹತ್ತೀನಿ. ಪಾಪ ಬಂದ್ರ ನನ್ನ ತಲಿ ಮ್ಯಾಲೆ ಬರ್ಲಿ, ಅಲ್ಲೆ ಮೊದಲs ಭಾಳ ಇದ್ದಾವ.

ಅಷ್ಟಾದ್ರೂ ತೂಕಾ ಏರವಲ್ದು. ಹೋದ ತಿಂಗಳಕ್ಕಿಂತ ಈ ತಿಂಗಳು ಕಡಿಮಿ ಅದ. ಈಗ ನೀರಿನ ಬಾವು ಇಲ್ಲ, ಮಶೀನ್ ತೋರಸೋದು ಖರೆ ತೂಕಾ. ಒಳಗ ಹೋದದ್ದನ್ನ ಮೈ ಹಿಡಕೊಳ್ಳೋದನ್ನ ಮರತದ ಅಂತ ಡಾಕ್ಟರ್ ಬಾಯಿ ಹೇಳಿದ್ಲು, ಎಷ್ಟು ತಗೋತಾರೋ ಅಷ್ಟು ಕೊಡ್ರಿ, ಜುಲುಮಿ ಬ್ಯಾಡ ಅಂದ್ಲು. ಆ ಮಾತಿನ ಅರ್ಥ ನಮಗೆಲ್ಲಾರಿಗೂ ತಿಳೀತು. ಸೊಸಿ ಮಾತ್ರ ಇನ್ನೂ ಹೊಸಾ ಹೊಸಾ ಪುಡಿ ತರಸ್ತಾಳ.

ನಿನ್ನೆ ಊಟ ಆಗಿತ್ತು. ನಾಕು ಚಮಚಾ ಉಂಡಿದ್ರು. ನಾನೂ ಉಂಡು ತಾಟು ತೊಳದು ಬಂದು ಕೂತಿದ್ದೆ. ಕಣ್ಣು ತಗದು, ನಂದು ಊಟ ಆತೇನು ಅಂದ್ರು. ಇಲ್ಲ ವೈನಿ, ಇನ್ನೂ ಎಲ್ಲಿ ಅಂತ ಬಟ್ಟಲಾ ತಗೊಂಡೆ. ಒಂದು ಚಮಚಾ ತಗೊಂಡ್ರು. ಎರಡನೇದು ಬಾಯಿ ಹತ್ರ ಒಯ್ದೆ, ನನ್ನ ಮಣಿಕಟ್ಟು ಹಿಡಕೊಂಡ್ರು. ಹಿಡತ ಅಂದ್ರ ಗುಬ್ಬಿ ತನ್ನ ಕಾಲಿಲೆ ಹಿಡದಂಗ. ಆದ್ರ ಕಣ್ಣು ಮಾತ್ರ ಮೊದಲಿನ ವೈನಿ ಕಣ್ಣು, ಸ್ವಚ್ಛ, ಕಡಕ್.

"ಸುಳ್ಳು ಹೇಳ್ತಿ ನೀ. ನಾ ಉಂಡೀನಿ."

ಇನ್ನೊಂದು ಸುಳ್ಳು ನಾಲಿಗಿ ತುದಿ ತನಕಾ ಬಂತು, ಹೊರಗ ಬರಲಿಲ್ಲ.

"ಹೌದು ವೈನಿ, ಉಂಡೀರಿ. ಆದ್ರ ಸಾಲೂದಿಲ್ಲ ಅದು."

"ಹಸಿವಿ ಇಲ್ಲ ನನಗ."

"ಗೊತ್ತದ."

ನನ್ನ ಮಾರಿ ನೋಡಿದ್ರು, ಬಟ್ಟಲಾ ನೋಡಿದ್ರು. ಆಮ್ಯಾಲೆ ತಾವಾಗಿ ಬಾಯಿ ತಗದ್ರು. ನುಂಗಲಿಕ್ಕೆ ಭಾಳ ಹೊತ್ತು ಹಿಡೀತು, ಗಂಟಲಾ ಮ್ಯಾಲೆ ಕೆಳಗ ಆಗೋದು ನೋಡಕೋತ ಕೂತೆ. ಇನ್ನೊಂದಕ್ಕೂ ಬಾಯಿ ತಗದ್ರು. ಮುಂದಿನದಕ್ಕ ಗ್ವಾಡಿ ಕಡೆ ಹೊರಳಿದ್ರು. ನಾ ಜುಲುಮಿ ಮಾಡಲಿಲ್ಲ. ಎಲ್ಲಾ ಗೊತ್ತಿದ್ದು, ಹಸಿವಿ ಇಲ್ಲದ, ನನ್ನ ಸಲುವಾಗಿ ಉಂಡದ್ದು ಅಷ್ಟು. ಬಟ್ಟಲಾ ಕೆಳಗ ಇಟ್ಟು ಅವರ ಬಾಯಿ ಒರಸಿದೆ.

ಸ್ವಲ್ಪ ಹೊತ್ತಿಗೆ ಗ್ವಾಡಿ ಕಡೆಯಿಂದ ತಿರುಗಿ ನೋಡಿದ್ರು. ನಂದು ಊಟ ಆತೇನು ಅಂದ್ರು.

ನಾ ಬಟ್ಟಲಾ ಎತ್ತಿಕೊಂಡೆ.